ಒಂದು ಇಎಂಐಗೆ ಎಂಟು ಮಕ್ಕಳು

"ಪಿಟೀಲು ಕುಯ್ದು ಬ್ಯಾಂಕ್ ಸಾಲ ತೀರಿಸ್ತೀಯೇನೋ?" 2014ರಲ್ಲಿ ನಮ್ಮ ಸೋದರಮಾವ ಕೇಳಿದ್ದರು. ಬಿಕಾಂ ಸೀಟು ಕೈಯಲ್ಲಿತ್ತು. ಅದನ್ನು ಬಿಟ್ಟು ಶಿವಮೊಗ್ಗದಿಂದ ಬೆಂಗಳೂರಿಗೆ ಬಂದು ಶಿಕ್ಷಣ ಸಾಲ ಮಾಡಿ ಒಂದು ಖಾಸಗಿ ಕಾಲೇಜಿನಲ್ಲಿ ಸಂಗೀತದ ಡಿಗ್ರಿಗೆ ಸೇರಿದೆ. 2023ರ ಫೆಬ್ರವರಿಯಲ್ಲಿ ಸಾಲ ಮುಗಿಯಿತು. ಕಂತು ಏಳು ವರ್ಷದ್ದು, ಶುರುವಾಗಿ ಐದು ತುಂಬುವ ಮೊದಲೇ ತೀರಿತು. ಬ್ಯಾಂಕಿನ ನೋ ಡ್ಯೂ ಪತ್ರದ ಫೋಟೋವನ್ನು ಮಾವನಿಗೆ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಫೀಸು, ಪಿಜಿ ಬಾಡಿಗೆ ಎಲ್ಲ ಸೇರಿ ಸಾಲ 3.8 ಲಕ್ಷ. ಬೇಕಂತಲೇ 4 ಲಕ್ಷದ ಒಳಗೆ ನಿಲ್ಲಿಸಿದ್ದು, ಆಗ ಅಲ್ಲಿವರೆಗೆ ಅಡಮಾನ ಬೇಕಿರಲಿಲ್ಲ, ಅಪ್ಪನ ಸಹಿ ಸಾಕಿತ್ತು. ಆದರೂ ಎರಡು ಬ್ರಾಂಚ್‌ನಲ್ಲಿ ವಾಪಸ್ ಕಳಿಸಿದರು. "ಮ್ಯೂಸಿಕ್‌ಗೆ ಪ್ಲೇಸ್‌ಮೆಂಟ್ ಇದೆಯಾ?" ಅಂತ ಕೇಳಿದರೆ ಏನು ಹೇಳೋದು? ಮೂರನೇ ಕಡೆ ನನ್ನ ನೋಟ್‌ಬುಕ್ ತೋರಿಸಿದೆ. ಅದರಲ್ಲಿದ್ದದ್ದು ಮಕ್ಕಳ ಲೆಕ್ಕ.

ಲೆಕ್ಕ ಇಷ್ಟೇ. ಬಡ್ಡಿ ಹತ್ತೂವರೆ ಪರ್ಸೆಂಟ್ ಹತ್ತಿರ, ಏಳು ವರ್ಷಕ್ಕೆ ಇಎಂಐ ಸುಮಾರು 6,400. ಆಗ ಪಿಟೀಲಿನ ಮನೆಪಾಠಕ್ಕೆ ಒಂದು ಮಗುವಿನಿಂದ ತಿಂಗಳಿಗೆ 800 ಸಿಗುತ್ತಿತ್ತು. ಅಂದರೆ ಎಂಟು ಮಕ್ಕಳು. ಎಂಟು ಮಕ್ಕಳನ್ನು ಹಿಡಿದುಕೊಳ್ಳೋಕೆ ಆಗಲ್ಲ ಅಂದರೆ ಅಷ್ಟು ಸಾಲ ಮಾಡಬಾರದು. ಊರಲ್ಲಿ ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿದ ಮೇಲೆ ಮೂರು ಮಕ್ಕಳಿಗೆ ಪಾಠ ಹೇಳಿದ್ದೆ, ಆ ಧೈರ್ಯ ಇತ್ತು.

ಮೊದಲು ಎಡವಿದ್ದೂ ಇದೇ ಲೆಕ್ಕದಲ್ಲಿ. ಎಂಟು ಅಂದರೆ ಎಂಟಲ್ಲ. ಫೆಬ್ರವರಿ, ಮಾರ್ಚ್ ಪರೀಕ್ಷೆ. ಏಪ್ರಿಲ್, ಮೇ ಅಜ್ಜಿ ಮನೆ. ಹತ್ತನೇ ಕ್ಲಾಸ್ ಬಂತೋ, ಪಿಟೀಲು ಅಟ್ಟ ಸೇರುತ್ತದೆ. ಎಂಟು ಮಕ್ಕಳ ದುಡ್ಡು ವರ್ಷಪೂರ್ತಿ ಬರಬೇಕಾದರೆ ಪಟ್ಟಿಯಲ್ಲಿ ಹನ್ನೆರಡು ಮಂದಿ ಬೇಕು. ಇದು ಗೊತ್ತಾಗೋ ಹೊತ್ತಿಗೆ ಒಂದು ಬೇಸಿಗೆ ಪೂರ್ತಿ ಅಪ್ಪನ ಹತ್ತಿರ ಕೈಚಾಚಿದ್ದೆ. ಹತ್ತನೇ ಕ್ಲಾಸಿಗೆ ಹೋದ ಮಕ್ಕಳು ಬಿಡದ ಹಾಗೆ ಈಗ ಒಂದು ಉಪಾಯ ಮಾಡಿಕೊಂಡಿದ್ದೇನೆ, ಅದನ್ನು ಮಾತ್ರ ಇಲ್ಲಿ ಹೇಳಲ್ಲ. ಪಕ್ಕದ ರಸ್ತೆಯಲ್ಲೇ ಇನ್ನಿಬ್ಬರು ಪಿಟೀಲು ಮೇಷ್ಟ್ರಿದ್ದಾರೆ.

ಓದುವಾಗಲೇ ಬಡ್ಡಿ ಕಟ್ಟಿದ್ದು ನಾನು ಮಾಡಿದ ಅತಿ ಬುದ್ಧಿವಂತ ಕೆಲಸ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಏನೂ ಕಟ್ಟಬೇಕಿಲ್ಲ ಅಂತ ಎಲ್ಲರೂ ಸುಮ್ನೆ ಕೂರುತ್ತಾರೆ. ನನ್ನ ಸಾಲ ವರ್ಷ ವರ್ಷ ಬಿಡುಗಡೆ ಆಗುತ್ತಿತ್ತು. ಬಡ್ಡಿ ಮೊದಲ ವರ್ಷ ತಿಂಗಳಿಗೆ 1,100, ಎರಡನೇ ವರ್ಷ 2,200, ಮೂರನೇ ವರ್ಷದಿಂದ 3,300 ಆಸುಪಾಸು. ಕಟ್ಟದೆ ಬಿಟ್ಟಿದ್ದರೆ ನಾಲ್ಕು ವರ್ಷಕ್ಕೆ 1.2 ಲಕ್ಷ ಅಸಲಿಗೆ ಸೇರಿ ಇಎಂಐ 8,400 ಆಗುತ್ತಿತ್ತು. ಎಂಟು ಮಕ್ಕಳ ಜಾಗದಲ್ಲಿ ಹತ್ತೂವರೆ! ಹೀಗೆ ಕಟ್ಟುವವರಿಗೆ ಬಡ್ಡಿಯಲ್ಲಿ ಒಂದು ಪರ್ಸೆಂಟ್ ರಿಯಾಯ್ತಿ ಕೊಡಬಹುದು ಅಂತ ಬ್ಯಾಂಕುಗಳ ಸಂಘದ ಶಿಕ್ಷಣ ಸಾಲದ ಮಾದರಿ ಸ್ಕೀಮಿನಲ್ಲೇ ಇದೆ. ಆದರೆ ಅವರಾಗಿ ಹೇಳಲ್ಲ, ನಾವೇ ಕೇಳಬೇಕು, ನಾನು ಕೇಳಿದ್ದು ಎರಡು ವರ್ಷ ತಡವಾಗಿ. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ 80ಇ ತೆರಿಗೆ ವಿನಾಯಿತಿ ಬಗ್ಗೆ ಗೆಳೆಯರು ಹೇಳ್ತಾ ಇದ್ದರು. ತೆರಿಗೆ ಕಟ್ಟುವಷ್ಟು ಸಂಪಾದನೆ ಇದ್ದವನಿಗೆ ಅದು ತಾನೆ.

ಕೈ ಸುಟ್ಟುಕೊಂಡದ್ದೂ ಉಂಟು. ಫ್ಯೂಷನ್ ಬ್ಯಾಂಡ್ ಅಂತ 28 ಸಾವಿರ ಕೊಟ್ಟು ಎಲೆಕ್ಟ್ರಿಕ್ ಪಿಟೀಲು ತಗೊಂಡೆ. ಐದು ರೆಸ್ಟೋರೆಂಟ್‌ನಲ್ಲಿ ನುಡಿಸಿದೆವು, ಡ್ರಮ್ಮರ್ ಕೆನಡಾಗೆ ಹೋದ, ಪಿಟೀಲು 13ಕ್ಕೆ ಮಾರಿದೆ. ಆಕಾಶವಾಣಿ ಆಡಿಷನ್‌ನಲ್ಲಿ ಮೊದಲ ಸಲ ಫೇಲು, ಎರಡನೇ ಸಲ ಬಿ ಗ್ರೇಡ್. ಯೂಟ್ಯೂಬ್‌ನಲ್ಲಿ ನಲವತ್ತು ವಿಡಿಯೋ ಹಾಕಿದೆ, ಬಂದದ್ದು ಸೊನ್ನೆ.

ಸುಮ್ನೆ ಮಾಡಿದ ಒಂದು ಪ್ರಯೋಗ ಮಾತ್ರ ಫಲ ಕೊಟ್ಟಿತು. ಮಕ್ಕಳು ಬೆಳೆದ ಹಾಗೆ ಅರ್ಧ ಸೈಜು, ಮುಕ್ಕಾಲು ಸೈಜು ಅಂತ ಪಿಟೀಲು ಬದಲಾಗುತ್ತದಲ್ಲ, ಅಪ್ಪಅಮ್ಮಂದಿರಿಗೆ ಅದೇ ತಲೆನೋವು. ತಲಾ 4 ಸಾವಿರದಂತೆ ಐದು ಚೈನಾ ಪಿಟೀಲು ತಂದು ತಿಂಗಳಿಗೆ 250ಕ್ಕೆ ಬಾಡಿಗೆಗೆ ಬಿಟ್ಟೆ. ತಂತಿ ಬಿಗಿಯುವ ಬಿರಡೆ ಜಾರುತ್ತದೆ, ಸೀಮೆಸುಣ್ಣ ಉಜ್ಜಬೇಕು. ತಂತಿ ಹೊರುವ ಕುದುರೆ ಬೀಳುತ್ತದೆ, ಕಮಾನು ಮುರೀತಾರೆ. ಆದರೂ ಒಂದೂವರೆ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಬಂತು. ಈಗ ಹದಿನಾಲ್ಕು ಇವೆ. ಎಲ್ಲಿಂದ ತರುತ್ತೇನೆ ಅಂತ ಕೇಳಬೇಡಿ.

ಸಂಗೀತ ಕಚೇರಿಯ ದುಡ್ಡನ್ನು ನಾನು ಇಎಂಐ ಲೆಕ್ಕಕ್ಕೆ ಹಿಡಿದೇ ಇಲ್ಲ. ಆಷಾಢದಲ್ಲಿ ಮದುವೆಯೂ ಇಲ್ಲ, ರಿಸೆಪ್ಷನ್ ಕರೆಯೂ ಇಲ್ಲ. ರಾಮನವಮಿ ಸೀಸನ್‌ನಲ್ಲಿ ತಿಂಗಳಿಗೆ ಹನ್ನೆರಡು ಹದಿಮೂರು ಕಚೇರಿಗೆ ಪಕ್ಕವಾದ್ಯ, ಕವರ್‌ನಲ್ಲಿ 1,000ದಿಂದ 2,500. ಕೆಲವು ಕಡೆ ಪಾನಕ, ಕೋಸಂಬರಿ, ಶಾಲು, ಅಷ್ಟೇ. ಆಟೋಗೆ 350 ನಮ್ಮದೇ. ಉಳಿದಷ್ಟು ನೇರವಾಗಿ ಅಸಲಿಗೆ ಹಾಕುತ್ತಿದ್ದೆ. ಮೊದಲ ಸಲ 20 ಸಾವಿರ ಕಟ್ಟಿದಾಗ ಬ್ಯಾಂಕಿನವರು ಅದನ್ನು ಮೂರು ತಿಂಗಳ ಮುಂಗಡ ಇಎಂಐ ಅಂತ ಬರೆದುಕೊಂಡರು, ಬಡ್ಡಿ ಒಂದು ರೂಪಾಯಿ ಇಳಿಯಲಿಲ್ಲ. ಆಮೇಲೆ ಪ್ರತಿಸಲ "ಅಸಲಿಗೆ ಜಮಾ ಮಾಡಿ" ಅಂತ ಬರೆದು ಸೀಲು ಹಾಕಿಸಿಕೊಂಡು ಬರುತ್ತಿದ್ದೆ.

ಇಷ್ಟೆಲ್ಲದರಲ್ಲಿ ಡಿಗ್ರಿ ಕಾಗದ ಏನು ದುಡಿಯಿತು? ನೋಟ್‌ಬುಕ್‌ನಲ್ಲಿ ಅದಕ್ಕೊಂದು ಬೇರೆ ಕಾಲಂ ಇಟ್ಟಿದ್ದೆ. ಎಂಎ ಅನ್ನು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಾಲ ಇಲ್ಲದೆ ಮುಗಿಸಿ, 2019ರ ಜೂನ್‌ನಲ್ಲಿ ಒಂದು ಶಾಲೆ ಸೇರಿದೆ. ಸಂಬಳ 22 ಸಾವಿರ, ಕೆಲಸ ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡು ಕಲಿಸೋದು. ಲಾಕ್‌ಡೌನ್ ಬಂತು, ಸಂಬಳ ಅರ್ಧ ಆಯಿತು, ಆಗಸ್ಟ್‌ನಲ್ಲಿ ಬಿಟ್ಟೆ. ಮುಂದೆ ಒಂದು ಕಡೆ ಹತ್ತು ತಿಂಗಳು ಅತಿಥಿ ಉಪನ್ಯಾಸಕ, ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆಸೆಟ್ ಆಗಿರಲಿಲ್ಲ, ತಿಂಗಳಿಗೆ ಸುಮಾರು 26 ಸಾವಿರ. ಎರಡೂ ಸೇರಿ ಐದು ಕಾಲು ಲಕ್ಷ. ಬ್ಯಾಂಕಿಗೆ ಒಟ್ಟು ಕಟ್ಟಿದ್ದು ಆರು ಲಕ್ಷ ಸಮೀಪ. ಕಾಗದ ತನ್ನ ಸಾಲವನ್ನು ತಾನು ತೀರಿಸಲಿಲ್ಲ. ಇಷ್ಟು ವರ್ಷದಲ್ಲಿ ಡಿಗ್ರಿ ಇದೆಯಾ ಅಂತ ಕೇಳಿದ ಪೋಷಕರು ಮೂರೋ ನಾಲ್ಕೋ ಜನ. ಉಳಿದವರದ್ದು ಒಂದೇ ಪ್ರಶ್ನೆ: "ಜೂನಿಯರ್ ಪರೀಕ್ಷೆ ಕಟ್ಟಿಸ್ತೀರಾ ಸರ್?"

ಆದರೆ ಕಾಲೇಜು ಬೇರೆ ದಾರಿಯಲ್ಲಿ ದುಡ್ಡು ಕೊಟ್ಟಿತು. ನನ್ನ ಪಿಜಿ ರೂಮ್‌ಮೇಟ್ ಹಾಡುಗಾರ. ಅವನಿಗೆ ಕಚೇರಿ ಸಿಕ್ಕರೆ ನನಗೂ ಸಿಗುತ್ತಿತ್ತು. ಲಾಕ್‌ಡೌನ್‌ನಲ್ಲಿ ಮನೆಪಾಠ ಪೂರ್ತಿ ನಿಂತು ಮೂರು ತಿಂಗಳು ಇಎಂಐ ಮುಂದೂಡಿಸಿಕೊಂಡು ಕೂತಿದ್ದಾಗ, ಕ್ಯಾಲಿಫೋರ್ನಿಯಾದಲ್ಲಿದ್ದ ಅವನ ಅಕ್ಕ ಐದು ಕನ್ನಡದ ಮಕ್ಕಳನ್ನು ಕೊಡಿಸಿದರು. ಕ್ಲಾಸಿಗೆ 20 ಡಾಲರ್, ವಾರಕ್ಕೊಂದು, ತಿಂಗಳಿಗೆ 30 ಸಾವಿರ ಹತ್ತಿರ. ನಮಗೆ ಬೆಳಗ್ಗೆ ಏಳು, ಅವರಿಗೆ ಹಿಂದಿನ ದಿನದ ಸಂಜೆ ಆರೂವರೆ. ನವೆಂಬರ್‌ನಲ್ಲಿ ಅವರ ಗಡಿಯಾರ ಬದಲಾಗುತ್ತೆ ಅನ್ನೋದು ಗೊತ್ತಿಲ್ಲದೆ ಒಂದು ವಾರ ಎಲ್ಲರ ಕ್ಲಾಸೂ ತಪ್ಪಿತು. ಜೂಮ್‌ನಲ್ಲಿ ಜೊತೆಗೆ ನುಡಿಸೋಕೆ ಆಗಲ್ಲ, ತಾಳ ಹಿಂದೆ ಬೀಳುತ್ತೆ, ಒಬ್ಬರು ಮ್ಯೂಟ್ ಆಗಿರಲೇಬೇಕು. ಒರಿಜಿನಲ್ ಸೌಂಡ್ ಆನ್ ಮಾಡದಿದ್ದರೆ ಪಿಟೀಲಿನ ನಾದವನ್ನು ಗದ್ದಲ ಅಂದುಕೊಂಡು ಅದೇ ಅಳಿಸಿಬಿಡುತ್ತದೆ!

ಈಗ ಪಿಯು ಓದುತ್ತಿರುವ ನನ್ನ ಶಿಷ್ಯೆಯೊಬ್ಬಳು ಸಂಗೀತದ ಡಿಗ್ರಿಗೆ ಮೂರೂವರೆ ಲಕ್ಷ ಸಾಲ ಮಾಡಲೋ ಬೇಡವೋ ಅಂತ ಕೇಳುತ್ತಿದ್ದಾಳೆ. ಅವಳ ಹತ್ತಿರ ನಾಲ್ಕು ಮಕ್ಕಳಿದ್ದಾರೆ, ತಲಾ 1,200. ಜೂನ್ ಒಳಗೆ ಇನ್ನೂ ನಾಲ್ಕು ಹಿಡಿ, ಬ್ಯಾಂಕಿಗೆ ನಾನೇ ಜೊತೆಗೆ ಬರ್ತೀನಿ ಅಂದಿದ್ದೇನೆ.