ರಾಜಕೀಯದಲ್ಲಿ ತೊಡಗಿದ್ದವರು ಸರ್ಕಾರಿ ಹುದ್ದೆಗೆ ಅರ್ಜಿ ಸಲ್ಲಿಸುವ ಬಗೆ

ಪಕ್ಷದ ಬಾವುಟ ಹಿಡಿದವರಿಗೆ ಸರ್ಕಾರಿ ನೌಕರಿ ಸಿಗುವುದಿಲ್ಲವೆಂಬ ಮಾತನ್ನು ನಂಬಿ ಅರ್ಜಿಯನ್ನೇ ಹಾಕದೆ ಉಳಿಯಬೇಡಿ. ಹಿಂದಿನ ರಾಜಕೀಯ ಒಡನಾಟದ ಕಾರಣಕ್ಕೆ ಶಿಕ್ಷಕರೊಬ್ಬರನ್ನು ಕೆಲಸದಿಂದ ತೆಗೆದ ಮಧ್ಯಪ್ರದೇಶ ಸರ್ಕಾರದ ಕ್ರಮವನ್ನು ಸುಪ್ರೀಂ ಕೋರ್ಟ್ 1983ರಲ್ಲಿ ಒಪ್ಪಲಿಲ್ಲ. ಅದು ನ್ಯಾಯವಾದ ತೀರ್ಪೆಂದೇ ನನ್ನ ದೃಢ ಅಭಿಪ್ರಾಯ. ನಾಗರಿಕನಾಗಿ ದನಿಯೆತ್ತಿದ್ದು ಅನರ್ಹತೆಯಾಗಬಾರದು.

ನಿಜವಾದ ಎಚ್ಚರ ಬೇಕಿರುವುದು ಅಭ್ಯರ್ಥಿಯ ಹಿನ್ನೆಲೆಯನ್ನು ಕೇಳುವ ದೃಢೀಕರಣ ನಮೂನೆಯನ್ನು (ಅಟೆಸ್ಟೇಶನ್ ಫಾರ್ಮ್) ತುಂಬುವಾಗ. ಎಂದಾದರೂ ಬಂಧನವಾಗಿದೆಯೇ, ಪ್ರಕರಣ ದಾಖಲಾಗಿದೆಯೇ ಎಂಬ ಪ್ರಶ್ನೆಯ ಮುಂದೆ, ಕಾಲೇಜು ದಿನಗಳ ಪ್ರತಿಭಟನೆಯೊಂದರಲ್ಲಿ ಪೊಲೀಸರು ವ್ಯಾನಿಗೆ ಹತ್ತಿಸಿಕೊಂಡು ಹೋಗಿದ್ದ ಆ ಸಂಜೆ ನೆನಪಾಗಿ, 'ಇಲ್ಲ' ಎಂದು ಬರೆದುಬಿಡಲು ಕೈ ಹವಣಿಸುತ್ತದೆ. ಹಾಗೆ ಮಾಡಬೇಡಿ. ಕೇಳಿದ ಮಾಹಿತಿಯನ್ನು ಸತ್ಯವಾಗಿ ಕೊಡಬೇಕು, ಮುಚ್ಚಿಟ್ಟರೆ ನೇಮಕಾತಿಯೇ ರದ್ದಾಗಬಹುದು ಎಂಬುದನ್ನು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಎಫ್‌ಐಆರ್, ದೋಷಾರೋಪ ಪಟ್ಟಿ, ಖುಲಾಸೆಯ ಆದೇಶ ಇವುಗಳ ದೃಢೀಕೃತ ನಕಲುಗಳನ್ನು ಮೊದಲೇ ಪಡೆದು, ಪ್ರಕರಣದ ಸಂಖ್ಯೆಯನ್ನು ಅವುಗಳಿಂದಲೇ ನೋಡಿ ಬರೆಯಿರಿ.

ಸದಸ್ಯತ್ವವಿದ್ದರೆ ಕೆಲಸಕ್ಕೆ ಸೇರುವ ಮುನ್ನ ಲಿಖಿತವಾಗಿ ರಾಜೀನಾಮೆ ನೀಡಿ, ಸ್ವೀಕೃತಿ ಪತ್ರವನ್ನು ಇಟ್ಟುಕೊಳ್ಳಿ. ಕೇಂದ್ರ ನೌಕರರ 1964ರ ನಡತೆ ನಿಯಮಗಳ 5ನೇ ನಿಯಮವು ಪಕ್ಷದ ಸದಸ್ಯತ್ವವನ್ನಷ್ಟೇ ಅಲ್ಲ, ದೇಣಿಗೆ ಕೊಡುವುದನ್ನೂ ಪ್ರಚಾರವನ್ನೂ ನಿಷೇಧಿಸುತ್ತದೆ. ರಾಜ್ಯದ ಹುದ್ದೆಯಾದರೆ ಆ ರಾಜ್ಯದ ನಡತೆ ನಿಯಮಗಳನ್ನು ಓದಿಕೊಳ್ಳಿ. ಮತದಾನದ ಹಕ್ಕು ಮಾತ್ರ ಹಾಗೆಯೇ ಉಳಿಯುತ್ತದೆ, ಆದರೆ ಯಾರಿಗೆ ಮತ ಹಾಕಿದಿರೆಂಬ ಸುಳಿವನ್ನು ಕೊಡುವಂತಿಲ್ಲ.