ಪ್ರತಿ ಹಾಡೂ ಬೇರೆ, ಬ್ಯಾಂಡ್ ಮಾತ್ರ ಒಂದೇ

ನಾನು ಆಲ್ಟರ್ನೇಟಿವ್ ರಾಕ್ ಬ್ಯಾಂಡ್ ಒಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ನಾವು ನಾಲ್ಕು ಜನ. ನಮ್ಮ ಹಾಡುಗಳಲ್ಲಿ ಒರಟು, ವೇಗದ ಪಂಕ್ ಇದೆ, ಕುಣಿಸುವ ಲಯದ ಫಂಕ್ ಇದೆ, ಬರೀ ಅಕೌಸ್ಟಿಕ್ ಗಿಟಾರ್ ಇಟ್ಟುಕೊಂಡು ಹಾಡಿದ್ದೂ ಇದೆ. ಇಷ್ಟು ವರ್ಷ ನುಡಿಸಿದ ಮೇಲೆ ಒಂದು ಮಾತು ಖಚಿತವಾಗಿ ಹೇಳಬಲ್ಲೆ. ಶೈಲಿ ಬದಲಿಸುವುದು ಅಂಥ ಕಷ್ಟವಲ್ಲ. ಕೈ ಪಳಗಿದವರು ಸೇರಿದರೆ ಯಾವ ಶೈಲಿಯಾದರೂ ಬರುತ್ತದೆ. ಎಲ್ಲವನ್ನೂ ಒಂದೇ ಬ್ಯಾಂಡ್ ನುಡಿಸುತ್ತಿದೆ ಅಂತ ಕೇಳುವವರಿಗೆ ಅನ್ನಿಸಬೇಕಲ್ಲ, ಕಷ್ಟವೆಲ್ಲ ಅಲ್ಲಿದೆ. ನಮ್ಮ ದುಡಿಮೆಯ ಬಹುಪಾಲು ಹೋಗಿದ್ದೂ ಅಲ್ಲಿಗೇ.

ಬೇರೆ ಬ್ಯಾಂಡ್‌ಗಳು ಇದನ್ನು ಹೇಗೆ ನಿಭಾಯಿಸಿದವು ಅಂತ ನಾವು ಕೂತು ಕೇಳಿದೆವು. ಟಾಕಿಂಗ್ ಹೆಡ್ಸ್ ಅವರ 1980ರ ಆಲ್ಬಮ್‌ನಲ್ಲಿ ನೈಜೀರಿಯಾದ ಸಂಗೀತಗಾರ ಫೆಲಾ ಕುಟಿಯ ಆಫ್ರೋಬೀಟ್ (ಆಫ್ರಿಕಾದ ಲಯಗಳಿಗೆ ಜಾಝ್, ಫಂಕ್ ಬೆರೆಸಿದ ಸಂಗೀತ) ಪ್ರಭಾವ ಗಾಢವಾಗಿದೆ. ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಅಷ್ಟಾಗಿ ಬದಲಾಗುವುದಿಲ್ಲ, ಲಯದ ಮೇಲೆ ಲಯ ಪೇರಿಸುತ್ತಾ ಹೋಗುತ್ತಾರೆ. ಅವರದೇ ಮೊದಲ ಆಲ್ಬಮ್‌ಗೂ ಇದಕ್ಕೂ ಎಷ್ಟೋ ದೂರ. ಆದರೆ ಅವರ ಗಾಯಕ ಡೇವಿಡ್ ಬರ್ನ್ ಬಾಯಿ ತೆರೆದ ಕೂಡಲೇ ಯಾರು ಅಂತ ಗೊತ್ತಾಗುತ್ತದೆ. ಬೀಸ್ಟಿ ಬಾಯ್ಸ್ ಹಾರ್ಡ್‌ಕೋರ್ ಪಂಕ್‌ನಲ್ಲಿ ಶುರು ಮಾಡಿದರು, ಹಿಪ್‌ಹಾಪ್‌ಗೆ ಹೋದರು, 1992ರ ಆಲ್ಬಮ್‌ನಲ್ಲಿ ಮತ್ತೆ ತಾವೇ ವಾದ್ಯ ಹಿಡಿದರು. ಒಬ್ಬರ ಸಾಲಿನ ಕೊನೆಯನ್ನು ಇನ್ನೊಬ್ಬರು ಹಿಡಿಯುವ ಅವರ ಅಭ್ಯಾಸ ಮಾತ್ರ ಹೋಗಲಿಲ್ಲ. ಆರ್.ಇ.ಎಂ. 1991ರಲ್ಲಿ ಮ್ಯಾಂಡೊಲಿನ್ ಅನ್ನು ಮುಂದಿಟ್ಟಾಗಲೂ ಗಾಯಕ ಮೈಕಲ್ ಸ್ಟೈಪ್ ದನಿ ಅಲ್ಲೇ ಇತ್ತು.

ಇದೆಲ್ಲ ಕೇಳಿ, ದನಿ ಒಂದೇ ಇದ್ದರೆ ಸಾಕು ಅಂತ ಅನ್ನಿಸಬಹುದು. ಸಾಲದು. ರೇಡಿಯೊಹೆಡ್ 2000ದ ಆಲ್ಬಮ್‌ನ ಕೆಲವು ಹಾಡುಗಳಲ್ಲಿ ದನಿಯನ್ನೇ ಗುರುತು ಸಿಗದಷ್ಟು ಬದಲಿಸಿದರು, ಗಿಟಾರ್‌ಗಳನ್ನೂ ಹಿಂದಕ್ಕೆ ತಳ್ಳಿದರು. ಆದರೂ ಅದು ಅವರೇ. ಅವರ ರಾಗಗಳು ನಿಧಾನವಾಗಿ ಹತ್ತಿ ಇಳಿಯುವ ರೀತಿ ಮೊದಲಿನಂತೆಯೇ ಉಳಿಯಿತು ಅಂತ ನನ್ನ ಕಿವಿ ಹೇಳುತ್ತದೆ. ಬದಲಾಗದೆ ಉಳಿಯುವುದು ಯಾವುದು ಅಂತ ಪ್ರತಿ ಬ್ಯಾಂಡ್ ತನಗೆ ತಾನೇ ಹುಡುಕಿಕೊಳ್ಳಬೇಕು.

ನಾವು ಆರಿಸಿಕೊಂಡಿದ್ದು ಇವು. ಹಾಡುವವಳ ದನಿಗೆ ರಿವರ್ಬ್, ಅಂದರೆ ದೊಡ್ಡ ಕೋಣೆಯಲ್ಲಿ ಕೇಳುವಂಥ ಅನುರಣನ, ಆದಷ್ಟು ಕಡಿಮೆ, ಕಿವಿಯ ಪಕ್ಕದಲ್ಲೇ ನಿಂತು ಹಾಡಿದಂತೆ ಕೇಳಬೇಕು. ಡ್ರಮ್ ಸೆಟ್‌ನಲ್ಲಿ ಚಟ್ ಅನ್ನುವ ಸ್ನೇರ್ ಡ್ರಮ್ ಎಲ್ಲ ಹಾಡಿಗೂ ಅದೇ. ನಾನು ಪಿಕ್ ಮುಟ್ಟುವುದಿಲ್ಲ, ಪಂಕ್ ಹಾಡಾದರೂ ಬೆರಳಲ್ಲೇ ನುಡಿಸುತ್ತೇನೆ. ಬೇಸ್‌ನ ಅತಿ ಕೆಳಸ್ವರದ ತಂತಿ ಸುಮಾರು 41 ಹರ್ಟ್ಜ್‌ನಲ್ಲಿ ಮೊಳಗುತ್ತದೆ. ಕಾಲಲ್ಲಿ ಬಾರಿಸುವ ಕಿಕ್ ಡ್ರಮ್‌ನ ಗುದ್ದು ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಮೇಲೆ. ಇಬ್ಬರೂ ಒಂದೇ ಜಾಗಕ್ಕೆ ನುಗ್ಗಿದರೆ ಶಬ್ದ ರಾಡಿಯಾಗುತ್ತದೆ. ಹಾಗಾಗಿ ಪ್ರತಿ ಹಾಡಿನಲ್ಲೂ ಯಾರು ಕೆಳಗೆ ಇರಬೇಕು ಅಂತ ಡ್ರಮ್ಮರ್ ಜೊತೆ ಮೊದಲೇ ಮಾತಾಡಿಕೊಳ್ಳುತ್ತೇನೆ. ಈ ಮಾತುಕತೆಯೇ ನಮ್ಮ ಶೈಲಿ ಅಂದರೂ ತಪ್ಪಲ್ಲ.

ಒಂದೇ ಹಾಡಿನ ಒಳಗೆ ಶೈಲಿ ಬದಲಾಗುವಾಗ ಇನ್ನೂ ಜಾಸ್ತಿ ಎಚ್ಚರ ಬೇಕು. ಅಲ್ಲಿ ನಮ್ಮ ನಿಯಮ ಒಂದೇ: ಯಾವುದಾದರೂ ಒಂದು ವಾದ್ಯ ಏನೂ ಬದಲಿಸದೆ ಈಚೆಯಿಂದ ಆಚೆಗೆ ದಾಟಬೇಕು. ಫಂಕ್ ಚರಣದಿಂದ ಭಾರವಾದ ಪಲ್ಲವಿಗೆ ಹೋಗುವಾಗ ಡ್ರಮ್ ಸೆಟ್‌ನ ಜೋಡಿ ತಾಳವಾದ ಹೈಹ್ಯಾಟ್ ಅದೇ ವೇಗದಲ್ಲಿ ಬಡಿಯುತ್ತಿರುತ್ತದೆ, ಸ್ನೇರ್ ಮಾತ್ರ ಅರ್ಧ ವೇಗಕ್ಕೆ ಇಳಿಯುತ್ತದೆ. ಕೇಳುವವರ ಕಾಲು ತಾಳ ಬಿಡುವುದಿಲ್ಲ, ಆದರೆ ಹಾಡು ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ. ಪಿಕ್ಸೀಸ್ ಬ್ಯಾಂಡ್‌ನವರು ಮೆಲ್ಲನೆಯ ಚರಣ, ಅಬ್ಬರದ ಪಲ್ಲವಿಗೆ ಹೆಸರಾದವರು. ಅವರ ಚರಣಗಳನ್ನು ಗಮನವಿಟ್ಟು ಕೇಳಿ. ಗಿಟಾರ್ ಹಿಂದೆ ಸರಿದಾಗ ಎಷ್ಟೋ ಸಲ ಕಿಮ್ ಡೀಲ್ ಅವರ ಬೇಸ್ ಹಾಡನ್ನು ಹೊತ್ತು ನಡೆಯುತ್ತದೆ. ನಾನು ಬೇಸ್ ನುಡಿಸುವವನು, ಹಾಗಾಗಿ ಈ ಪ್ರೀತಿ ಸಹಜ ಅಲ್ವಾ?

ಹೊಸ ಹಾಡು ಬಂದರೆ ಮೊದಲು ಒಂದು ಗಿಟಾರ್, ಒಂದು ದನಿ, ಅಷ್ಟೇ. ರಾಗ ಅಲ್ಲಿ ನಿಲ್ಲದಿದ್ದರೆ ಸುಮ್ನೆ ಸಿಂಥಸೈಜರ್ ಸೇರಿಸಿ ಪ್ರಯೋಜನವಿಲ್ಲ. ನಿಂತರೆ, ಬೇರೆ ಬೇರೆ ಟೆಂಪೋದಲ್ಲಿ ನುಡಿಸಿ ನೋಡುತ್ತೇವೆ. ಫಂಕ್ ಅಂತ ಬಂದ ರಿಫ್ (ಮತ್ತೆ ಮತ್ತೆ ಬರುವ ಸ್ವರಗಳ ತುಣುಕು) ನಿಧಾನವಾದಾಗ ಬೇರೆಯೇ ಹಾಡಾಗಿದ್ದುಂಟು.

ವೇದಿಕೆಯ ಕಷ್ಟ ಬೇರೆ. ನಮ್ಮ ಕೆಲವು ಹಾಡುಗಳು ಸ್ಟ್ಯಾಂಡರ್ಡ್ ಟ್ಯೂನಿಂಗ್, ಕೆಲವು ಡ್ರಾಪ್ ಡಿ, ಅಂದರೆ ಅತಿ ಕೆಳಸ್ವರದ ತಂತಿಯನ್ನು ಡಿ ಸ್ವರಕ್ಕೆ ಇಳಿಸಿದ್ದು. ಹಾಡು ಹಾಡಿಗೂ ತಂತಿ ಸಡಿಲಿಸಿ ಬಿಗಿ ಮಾಡುತ್ತಾ ನಿಂತರೆ ಜನ ಫೋನ್ ತೆಗೆಯುತ್ತಾರೆ. ಅದಕ್ಕೇ ಸೆಟ್‌ಲಿಸ್ಟ್ ಬರೆಯುವಾಗ ಒಂದೇ ಟ್ಯೂನಿಂಗ್‌ನ ಹಾಡುಗಳನ್ನು ಒಟ್ಟಿಗೆ ಇಡುತ್ತೇವೆ. ಶೈಲಿ ಎಷ್ಟು ಬೇಕಾದರೂ ಹಾರಲಿ, ಟ್ಯೂನಿಂಗ್ ಹಾರಬಾರದು. ಸ್ವರವನ್ನು ತುಸು ತಡವಾಗಿ ಮತ್ತೆ ಕೇಳಿಸುವ ಡಿಲೇ ಪೆಡಲ್‌ಗೆ, ಒಂದು ನಿಮಿಷದ 60,000 ಮಿಲಿಸೆಕೆಂಡನ್ನು ಟೆಂಪೋದಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿ ಹಾಕುತ್ತೇವೆ. 120 ಟೆಂಪೋ ಇದ್ದರೆ ಒಂದು ಬೀಟ್‌ಗೆ 500 ಮಿಲಿಸೆಕೆಂಡ್. ಸೌಂಡ್‌ಚೆಕ್‌ನಲ್ಲಿ ಎರಡೇ ಹಾಡು: ಅತಿ ಅಬ್ಬರದ್ದು ಮತ್ತು ಅತಿ ಮೆಲ್ಲನೆಯದು. ಸೌಂಡ್ ಇಂಜಿನಿಯರ್‌ಗೆ ಆ ಎರಡು ತುದಿ ಗೊತ್ತಾದರೆ ನಡುವಿನದನ್ನು ಅವರೇ ನೋಡಿಕೊಳ್ಳುತ್ತಾರೆ.

ಆಲ್ಬಮ್ ಮಾಸ್ಟರಿಂಗ್‌ನಲ್ಲೂ, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಶಬ್ದ ಹೊಂದಿಕೆಯಲ್ಲೂ, ಇದೇ ಪ್ರಶ್ನೆ. ಅಕೌಸ್ಟಿಕ್ ಹಾಡನ್ನು ಪಂಕ್ ಹಾಡಿನಷ್ಟೇ ಜೋರು ಮಾಡಿದರೆ ಅದರ ಜೀವ ಹೋಗುತ್ತದೆ. ಸ್ಪಾಟಿಫೈ ಹಾಡುಗಳನ್ನು ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನುವುದರ ಅಳತೆ) ಮಟ್ಟಕ್ಕೆ ತರುತ್ತದೆ. ಆದರೆ ಇಡೀ ಆಲ್ಬಮ್ ಹಾಕಿ ಕೇಳಿದರೆ ಹಾಡುಗಳ ನಡುವಿನ ಜೋರು-ಮೆಲ್ಲನೆಯ ಅಂತರ ಉಳಿಯುತ್ತದೆ. ನಾವು ಆ ಅಂತರವನ್ನು ಯಾವತ್ತೂ ಬಿಟ್ಟುಕೊಟ್ಟಿಲ್ಲ.

ಬ್ಯಾಂಡ್ ಇಷ್ಟು ಕಾಲ ಉಳಿದಿದ್ದಕ್ಕೆ ಇನ್ನೊಂದು ಕಾರಣ ಹಣದ ಲೆಕ್ಕ. ಆರ್.ಇ.ಎಂ. ತಮ್ಮ ಹಾಡುಗಳಿಗೆ ನಾಲ್ವರ ಹೆಸರನ್ನೂ ಸಮವಾಗಿ ಹಾಕುತ್ತಿದ್ದರು. ನಾವೂ ಮೊದಲ ಹಾಡು ಬಿಡುಗಡೆ ಆಗುವ ಮುಂಚೆಯೇ, ಹಾಡಿನ ಹಣದಲ್ಲಿ ನಾಲ್ವರಿಗೂ ಸಮ ಪಾಲು ಅಂತ ಕಾಗದದಲ್ಲಿ ಬರೆದು ಸಹಿ ಹಾಕಿದೆವು. ನಮ್ಮಂಥ ಬ್ಯಾಂಡ್‌ಗೆ ಇದು ಬೇಕೇ ಬೇಕು. ಪಾಲು ಬೇರೆ ಬೇರೆ ಇದ್ದರೆ, ಯಾವ ಶೈಲಿಯ ಹಾಡು ಆಲ್ಬಮ್‌ಗೆ ಬರಬೇಕು ಅನ್ನುವ ಚರ್ಚೆ ಯಾರಿಗೆ ದುಡ್ಡು ಅನ್ನುವ ಜಗಳವಾಗುತ್ತದೆ. ಪಾಲು ಸಮ ಇದ್ದಾಗ ಕಿವಿ ಮಾತ್ರ ತೀರ್ಮಾನಿಸುತ್ತದೆ.

ನಮ್ಮ ಮೊದಲ ಡ್ರಮ್ಮರ್ ಬಿಟ್ಟು ಹೋದಾಗ ಹೊಸಬರನ್ನು ನೋಡಿದ್ದೂ ಹೀಗೆಯೇ. ವೇಗದ ಹಾಡು ಕೊಡಲಿಲ್ಲ. ನಮ್ಮ ಅತಿ ನಿಧಾನದ ಹಾಡು ಕೊಟ್ಟು, ಎಲ್ಲಿ ಸುಮ್ಮನಿರುತ್ತಾರೆ ಅಂತ ಕೇಳಿದೆವು. ಈಗಿನ ಡ್ರಮ್ಮರ್ ಪಲ್ಲವಿ ಬರುವ ತನಕ ಕಿಕ್ ಮುಟ್ಟಲೇ ಇಲ್ಲ. ನನ್ನ ಬೇಸ್‌ಗೆ ಜಾಗ ಬಿಟ್ಟು ಕಾದಳು. ಅವಳು ಸೇರಿದ ಮೇಲೆ ಬಂದ ಹಾಡುಗಳಲ್ಲಿ ಅವಳ ಪಾಲೂ ನಮ್ಮೆಲ್ಲರಷ್ಟೇ. ಹಳೆಯ ಹಾಡುಗಳ ಪಾಲು ಬಿಟ್ಟು ಹೋದ ಗೆಳೆಯನಿಗೆ ಈಗಲೂ ಹೋಗುತ್ತದೆ.