ಜಗಲಿಯಲ್ಲಿ ಅಳಿಯ ಕೂತಿದ್ದ

ಹಾಸನದಲ್ಲಿ ನರ್ಸಿಂಗ್ ಓದಿದವಳು ನಾನು. ಮಧ್ಯ ಆಸ್ಟ್ರೇಲಿಯಾದ ಒಂದು ಅಬಾರಿಜಿನಲ್ (ಮೂಲನಿವಾಸಿಗಳ) ಊರಿನ ಕ್ಲಿನಿಕ್ಕಿಗೆ ಸೇರಿದೆ. ಆಲಿಸ್ ಸ್ಪ್ರಿಂಗ್ಸ್‌ನಿಂದ ಕೆಂಪು ಮಣ್ಣಿನ ದಾರಿಯಲ್ಲಿ ಅರ್ಧ ದಿನದ ಪ್ರಯಾಣ. ಮೊದಲ ವಾರವೇ ಒಂದು ಪಟ್ಟಿ ಪ್ರಿಂಟ್ ತೆಗೆದೆ: ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಬಾಕಿ ಇರುವ ಹೆಂಗಸರು.

ಶುಗರ್ ನೋಡಿಸಲು ಬಂದ ಒಬ್ಬರ ಹೆಸರು ಅದರಲ್ಲಿತ್ತು. ಬಾಗಿಲ ಬಳಿಯೇ ನಿಲ್ಲಿಸಿ ಕೇಳಿಬಿಟ್ಟೆ. ಅವರು ನೆಲ ನೋಡಿದರು, ಬಿಪಿಯನ್ನೂ ನೋಡಿಸದೆ ಹೊರಟೇಹೋದರು.

ನಮ್ಮ ಅಬಾರಿಜಿನಲ್ ಆರೋಗ್ಯ ಕಾರ್ಯಕರ್ತೆ ಆಮೇಲೆ ಹೇಳಿದಳು. ಹೊರಗೆ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದವನು ಅವರ ಅಳಿಯ. ಇಲ್ಲಿ ಅತ್ತೆ-ಅಳಿಯ ಮುಖ ಕೂಡ ನೋಡುವ ಹಾಗಿಲ್ಲ, ಮಾತಂತೂ ದೂರ. ಅವನ ಕಿವಿಗೆ ಬೀಳುವಂತೆ ಹೆಂಗಸರ ವಿಷಯ ಎತ್ತಿದ್ದೆ! ಇಲ್ಲಿಯವರು ಅದಕ್ಕೆ ‘ಶೇಮ್’ ಅನ್ನುತ್ತಾರೆ. ನಾಚಿಕೆ ಅಂದರೆ ಸಾಲದು, ಮಾನ ಹೋದ ಹಾಗೆ.

ಆ ಪಟ್ಟಿ ಡ್ರಾಯರ್ ಸೇರಿತು. ಯಾರನ್ನು, ಯಾವಾಗ, ಎಲ್ಲಿ ಕೇಳಬೇಕು ಅಂತ ಅವಳೇ ನಿರ್ಧರಿಸತೊಡಗಿದಳು. ಹೆಚ್ಚಾಗಿ ಕ್ಲಿನಿಕ್ಕಿನ ಹಿಂದೆ, ಮರದ ನೆರಳಲ್ಲಿ, ಅಕ್ಕತಂಗಿಯರು ಒಟ್ಟಿಗೆ ಇದ್ದಾಗ. ನಾನು ಸುಮ್ನೆ ಪಕ್ಕದಲ್ಲಿ ಕೂರುತ್ತಿದ್ದೆ. ಅದೂ ಕೆಲಸವೇ, ಅಲ್ವಾ?

ದೊಡ್ಡ ಅನುಕೂಲ ಆಗಿದ್ದು ಸ್ವ್ಯಾಬ್‌ನಿಂದ, ಅಂದರೆ ಯೋನಿಯಿಂದ ಸ್ಯಾಂಪಲ್ ತೆಗೆಯುವ ಮೆತ್ತನೆ ತುದಿಯ ಕಡ್ಡಿಯಿಂದ. 2017ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ಎರಡು ವರ್ಷಕ್ಕೊಮ್ಮೆಯ ಪ್ಯಾಪ್ (ಗರ್ಭಕೊರಳಿನ ಜೀವಕೋಶಗಳ ಪರೀಕ್ಷೆ) ಬಿಟ್ಟು ಐದು ವರ್ಷಕ್ಕೊಮ್ಮೆ ಎಚ್‌ಪಿವಿ (ಆ ಕ್ಯಾನ್ಸರ್ ತರುವ ವೈರಸ್) ಪರೀಕ್ಷೆ ತಂದಿತು. ಹೆಂಗಸರು ತಾವೇ ಸ್ಯಾಂಪಲ್ ತೆಗೆಯುವ ಅವಕಾಶ ಮೊದಲು ಕೆಲವರಿಗೆ ಮಾತ್ರ ಇತ್ತು. 2022ರ ಜುಲೈನಿಂದ 25ರಿಂದ 74 ವಯಸ್ಸಿನ ಎಲ್ಲರಿಗೂ ಸಿಕ್ಕಿತು. ಕಾಲು ಅಗಲಿಸಿ ಮಲಗುವುದೂ ಬೇಡ, ಒಳಗಿಟ್ಟು ಅಗಲಿಸುವ ಸ್ಪೆಕ್ಯುಲಮ್ಮೂ ಬೇಡ.

ನನ್ನ ಹತ್ತಿರ ಬಣ್ಣದ ಚಿತ್ರಗಳ ಹಾಳೆ ಇತ್ತು. ನಮ್ಮ ಕಾರ್ಯಕರ್ತೆ ಅದನ್ನು ಮುಟ್ಟಲೇ ಇಲ್ಲ. ಎಡಗೈಯನ್ನು ಸಡಿಲ ಮುಷ್ಟಿ ಮಾಡಿ, ಅದರೊಳಗೆ ಸ್ವ್ಯಾಬ್ ತೂರಿಸಿ, ಮೆಲ್ಲಗೆ ತಿರುಗಿಸಿ ತೋರಿಸಿದಳು. ‘ಗರ್ಭಕೊರಳಿಗೆ ತಾಗಬೇಕಿಲ್ಲ, ಇಷ್ಟೇ’ ಅಂದಳು. ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಒಬ್ಬಾಕೆ ಎದ್ದು ಟಾಯ್ಲೆಟ್ಟಿಗೆ ಹೋಗಿ, ಎರಡೇ ನಿಮಿಷದಲ್ಲಿ ಸ್ಯಾಂಪಲ್ ತಂದುಕೊಟ್ಟಳು.

ಆದರೆ ನನ್ನ ಪ್ರಕಾರ ಜಾಸ್ತಿ ಕಷ್ಟ ಅಲ್ಲಿಂದಾಚೆ. ಫಲಿತಾಂಶ ಬರುವಷ್ಟರಲ್ಲಿ ಫೋನ್ ನಂಬರ್ ಬದಲಾಗಿರುತ್ತದೆ. ಸಾವಿನ ಕಾರ್ಯಕ್ಕೆ ಅಂತ ಇಡೀ ಮನೆಯವರು ಇನ್ನೊಂದು ಊರಿಗೆ ಹೋಗಿರುತ್ತಾರೆ. ಎಚ್‌ಪಿವಿ 16 ಅಥವಾ 18 (ಹೆಚ್ಚು ಅಪಾಯದ ಬಗೆಗಳು) ಇದ್ದರೆ ಕಾಲ್ಪೊಸ್ಕೊಪಿಗೆ, ಅಂದರೆ ಗರ್ಭಕೊರಳನ್ನು ದೊಡ್ಡದಾಗಿ ಕಾಣುವ ಯಂತ್ರದಲ್ಲಿ ನೋಡಿಸಲು, ಪಟ್ಟಣಕ್ಕೇ ಹೋಗಬೇಕು. ಒಮ್ಮೆ ನಾನು ಚೀಟಿ, ತಾರೀಕು, ಬಸ್ಸು ಎಲ್ಲ ಗೊತ್ತುಮಾಡಿದ್ದೆ. ಆಕೆ ಹೋಗಲಿಲ್ಲ. ಕಾರಣ ಕೇಳಿದರೆ, ಅಕ್ಕನಿಗೆ ಸೀಟು ಇರಲಿಲ್ಲವಂತೆ. ಗುರುತಿಲ್ಲದ ಆಸ್ಪತ್ರೆಗೆ ಒಬ್ಬಳೇ ಹೇಗೆ ಹೋಗುವುದು?

ಈಗ ಸ್ವ್ಯಾಬ್ ಕೊಡುವಾಗಲೇ ಕೇಳುತ್ತೇನೆ: ಹೋಗಬೇಕಾಗಿ ಬಂದರೆ ಜೊತೆಗೆ ಯಾರು? ಆ ಹೆಸರನ್ನೂ ಫೈಲಿನಲ್ಲಿ ಬರೆದಿಡುತ್ತೇನೆ.